ಕೆಳದವಡೆಯ ಸೂಜಿ: ಗುರಿ ಎಲ್ಲಿದೆ, ತಪ್ಪುವುದೇಕೆ

ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬ ಭಯ ಸೊರಬ, ಶಿಕಾರಿಪುರದ ಹಳ್ಳಿಗಳಲ್ಲಿ ಇನ್ನೂ ಉಳಿದಿದೆ. ಕುಬಟೂರಿನಿಂದ ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಹಲ್ಲುನೋವಿಗೆಂದು ಬಂದ ಹಿರಿಯರು ಕುರ್ಚಿಯಲ್ಲಿ ಒರಗುವ ಮೊದಲೇ ಕೇಳಿಬಿಡುತ್ತಾರೆ: “ಡಾಕ್ಟ್ರೇ, ಕಣ್ಣಿಗೇನೂ ಆಗಲ್ಲ ಅಲ್ವಾ?” ಏನೂ ಆಗುವುದಿಲ್ಲ. ನೋಟದ ನರ ಮಿದುಳಿನಿಂದ ಹೊರಡುವ ಎರಡನೆಯ ಜೋಡಿ. ಹಲ್ಲಿಗೆ ಬರುವುದು ಐದನೆಯ ಜೋಡಿ. ಎರಡರ ದಾರಿಯೂ ಬೇರೆ, ಕೆಲಸವೂ ಬೇರೆ. ವೈದ್ಯರ ಲೆಕ್ಕದಲ್ಲಿ ಮೇಲ್ದವಡೆ ಸುಲಭದ ಕೆಲಸ. ಅವರು ನಿಜವಾಗಿ ಎಚ್ಚರದಿಂದ ಸೂಜಿ ಹಿಡಿಯುವುದು ಕೆಳದವಡೆಯ ಹಿಂದಿನ ಹಲ್ಲುಗಳಿಗೆ. ಕೆಳದವಡೆಯ ನರಕ್ಕೆ ಕೊಡುವ ಸಾಂಪ್ರದಾಯಿಕ ಇಂಜೆಕ್ಷನ್ ನೂರರಲ್ಲಿ 15ರಿಂದ 20 ಸಲ ಪೂರ್ತಿ ಫಲ ಕೊಡುವುದಿಲ್ಲವೆಂದು ದಂತವೈದ್ಯದ ಪಠ್ಯಪುಸ್ತಕಗಳೇ ಒಪ್ಪುತ್ತವೆ. ದಿನವೂ ಜಗತ್ತಿನಾದ್ಯಂತ ಕೊಡುವ ಒಂದು ಇಂಜೆಕ್ಷನ್ ಐದಾರು ಸಲಕ್ಕೊಮ್ಮೆ ಕೈಕೊಡುವುದೆಂದರೆ ಅದು ಔಷಧದ ದೋಷವೂ ಅಲ್ಲ, ಪ್ರತಿ ಸಲವೂ ವೈದ್ಯರ ಕೈತಪ್ಪೂ ಅಲ್ಲ. ಕಾರಣದ ಬಹುಭಾಗ ದವಡೆಯ ಮೂಳೆಯಲ್ಲೇ ಇದೆ. ಅಡಿಕೆ ಬೆಳೆಯುವ, ಅಡಿಕೆ ಜಗಿಯುವ ನಮ್ಮ ಸೀಮೆಯಲ್ಲಂತೂ ಈ ಪ್ರಶ್ನೆಗೆ ಇನ್ನೊಂದು ಮುಖವಿದೆ.

ಮೇಲ್ದವಡೆಯ ಹೊರಗೋಡೆ ತೆಳು, ಸಣ್ಣ ಸಣ್ಣ ರಂಧ್ರಗಳಿಂದ ತುಂಬಿದ್ದು. ಹಲ್ಲಿನ ಬೇರಿನ ತುದಿ ಎಲ್ಲಿರಬಹುದೋ ಅಲ್ಲಿ ಒಸಡಿನ ಮೇಲ್ಭಾಗಕ್ಕೆ ಒಂದಿಷ್ಟು ಔಷಧ ಬಿಟ್ಟರೆ ಅದು ಮೂಳೆಯೊಳಗೆ ಇಂಗಿ ಮೂರು ನಾಲ್ಕು ನಿಮಿಷದಲ್ಲಿ ಹಲ್ಲು ಮರಗಟ್ಟುತ್ತದೆ. ಕೆಳದವಡೆಯ ಹಿಂಭಾಗ ಹಾಗಲ್ಲ. ಅನ್ನ ಜಗಿಯುವ ಬಲವನ್ನೆಲ್ಲ ತಾಳಿಕೊಳ್ಳಬೇಕಾದ ಆ ಮೂಳೆಯ ಹೊರಪದರ ದಪ್ಪ, ಗಟ್ಟಿ. ದೊಡ್ಡವರ ದವಡೆಹಲ್ಲಿನ ಪಕ್ಕದಲ್ಲಿ ಮರಗಟ್ಟಿಸುವ ಔಷಧವಾದ ಲಿಗ್ನೋಕೇನ್ ಚುಚ್ಚಿದರೆ ಒಸಡು ಮರಗಟ್ಟೀತು, ಹಲ್ಲು ಮರಗಟ್ಟುವ ಖಾತ್ರಿಯಿಲ್ಲ. ಆದ್ದರಿಂದ ನರ ಮೂಳೆಯೊಳಗೆ ಹೋಗುವ ಮೊದಲೇ ಅದನ್ನು ತಡೆಯಬೇಕು. ಕೆರೆಯ ತೂಬು ಮುಚ್ಚಿದರೆ ಕೆಳಗಿನ ಗದ್ದೆಗಳಿಗೆಲ್ಲ ನೀರು ನಿಲ್ಲುವ ಹಾಗೆ, ಆ ಒಂದು ಕಡೆ ತಡೆದರೆ ಆ ಬದಿಯ ಕೆಳಹಲ್ಲುಗಳೆಲ್ಲ ಒಟ್ಟಿಗೆ ಮರಗಟ್ಟುತ್ತವೆ. ಇದಕ್ಕೇ ನರ್ವ್ ಬ್ಲಾಕ್ ಎನ್ನುವುದು.

ಐದನೆಯ ನರ ಮುಖದ ಸಂವೇದನೆಯ ನರ. ಅದಕ್ಕೆ ಮೂರು ಕವಲು. ಮೂರನೆಯ ಕವಲು ತಲೆಬುರುಡೆಯ ತಳದ ಒಂದು ಅಂಡಾಕಾರದ ರಂಧ್ರದಿಂದ ಹೊರಬಿದ್ದು ಕೆಳಗಿಳಿಯುತ್ತದೆ. ಅದರಿಂದ ಒಡೆಯುವ ಕೆಳದವಡೆಯ ನರ, ದವಡೆಯ ಹಿಂದಿನ ಅಗಲವಾದ ನಿಲುಮೂಳೆಯ ಒಳಮೈಗೂ ಅದರ ಪಕ್ಕದ ಜಗಿಯುವ ಸ್ನಾಯುವಿಗೂ ನಡುವೆ ಇರುವ ಕಿರಿದಾದ ಜಾಗದಲ್ಲಿ ಸಾಗುತ್ತದೆ. ಆ ಮೂಳೆಯ ಒಳಮೈಯ ಹೆಚ್ಚುಕಡಿಮೆ ನಡುವಿನಲ್ಲಿರುವ ರಂಧ್ರವೊಂದರ ಮೂಲಕ ಒಳಹೊಕ್ಕು, ಮೂಳೆಯೊಳಗಿನ ಕೊಳವೆಯಲ್ಲಿ ದವಡೆಹಲ್ಲುಗಳ ಬೇರಿನ ಕೆಳಗೆ ಹರಿದು ಬರುತ್ತದೆ. ಮುಂದವಡೆ ಹಲ್ಲುಗಳ ಬಳಿ ಅದರ ಒಂದು ಕವಲು ಮತ್ತೊಂದು ರಂಧ್ರದಿಂದ ಹೊರಬಂದು ಕೆಳತುಟಿಗೂ ಗದ್ದಕ್ಕೂ ಹೋಗುತ್ತದೆ. ಉಳಿದದ್ದು ಮೂಳೆಯೊಳಗೇ ಸಾಗಿ ಮುಂದಿನ ಬಾಚಿಹಲ್ಲುಗಳನ್ನು ಮುಟ್ಟುತ್ತದೆ. “ತುಟಿ ದಪ್ಪಗಾದ ಹಾಗಾಯ್ತಾ?” ಎಂದು ವೈದ್ಯರು ಕೇಳುವುದು ಇದಕ್ಕೇ. ತುಟಿ ಮರಗಟ್ಟಿದರೆ ಔಷಧ ನರಕ್ಕೆ ತಲುಪಿದೆ ಎಂದು ಲೆಕ್ಕ. ನಾಲಿಗೆಯ ನರ ಇದರ ಸ್ವಲ್ಪ ಮುಂದೆಯೇ ಇರುವುದರಿಂದ ಅದೇ ಸೂಜಿಗೆ ಅರ್ಧ ನಾಲಿಗೆಯೂ ಜೋಮು ಹಿಡಿಯುತ್ತದೆ. ದವಡೆಹಲ್ಲಿನ ಕೆನ್ನೆಯ ಬದಿಯ ಒಸಡಿಗೆ ಮಾತ್ರ ಬೇರೆಯೇ ನರ. ಹಲ್ಲು ಕೀಳುವಾಗ ಅದಕ್ಕೆ ಇನ್ನೊಂದು ಚುಚ್ಚು ಬೇಕಾಗುತ್ತದೆ. “ಮೊದಲನೇದು ಸರಿ ಹೋಗಲಿಲ್ಲ, ಅದಕ್ಕೆ ಎರಡನೇದು ಕೊಟ್ರು” ಎಂದು ಮನೆಗೆ ಹೋಗಿ ಹೇಳುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಗುರಿಯಾದ, ನರ ಮೂಳೆಯೊಳಗೆ ಹೊಗುವ ಆ ರಂಧ್ರ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೂ ಸಿಗುವುದಿಲ್ಲ. ಅದರ ಮುಂದೆ ಲಿಂಗುಲಾ ಎಂಬ ಚಿಕ್ಕ ಮೂಳೆಯ ನಾಲಿಗೆಯೊಂದು ಅಡ್ಡ ನಿಂತಿರುತ್ತದೆ, ಅದಕ್ಕೆ ಒಂದು ತಂತುಕಟ್ಟು ಅಂಟಿರುತ್ತದೆ. ಆದ್ದರಿಂದ ಔಷಧವನ್ನು ರಂಧ್ರದ ಮಟ್ಟಕ್ಕಲ್ಲ, ಅದಕ್ಕಿಂತ ಸ್ವಲ್ಪ ಮೇಲೆ ಬಿಡಬೇಕು. ವೈದ್ಯರು ಹೆಬ್ಬೆರಳನ್ನು ದವಡೆಯ ನಿಲುಮೂಳೆಯ ಮುಂದಿನ ಅಂಚಿನ ತಗ್ಗಿಗೆ ಒತ್ತಿ ಹಿಡಿಯುತ್ತಾರೆ. ಬಾಯಿ ಪೂರ್ತಿ ತೆರೆದಾಗ ಹಿಂದೆ ಮೇಲಿಂದ ಕೆಳಕ್ಕೆ ಬಿಗಿಯಾಗಿ ಎದ್ದು ಕಾಣುವ ಮಾಂಸದ ಮಡಿಕೆಯೊಂದಿದೆ. ಹೆಬ್ಬೆರಳಿಗೂ ಆ ಮಡಿಕೆಗೂ ನಡುವೆ, ಕೆಳಹಲ್ಲುಗಳು ಕಚ್ಚುವ ಮಟ್ಟಕ್ಕಿಂತ 6ರಿಂದ 10 ಮಿಲಿಮೀಟರ್ ಮೇಲೆ ಸೂಜಿ ಒಳಹೋಗಬೇಕು. ಸಿರಿಂಜ್ ಎದುರು ಬದಿಯ ಮುಂದವಡೆ ಹಲ್ಲುಗಳ ಮೇಲೆ ಒರಗಿರಬೇಕು. ದೊಡ್ಡವರಲ್ಲಿ 20ರಿಂದ 25 ಮಿಲಿಮೀಟರ್ ಒಳಗೆ ಹೋದಾಗ ತುದಿಗೆ ಮೂಳೆ ತಾಕಬೇಕು.

ಈ ಮೂಳೆ ತಾಕುವ ಕ್ಷಣ ಇಡೀ ಕೆಲಸದ ಜೀವಾಳ ಎಂದು ನನ್ನ ಅಭಿಪ್ರಾಯ. ಕಾಣದ ಗುರಿಗೆ ಹೊರಟವರಿಗೆ ಅದೊಂದೇ ಸಾಕ್ಷಿ. ಅರ್ಧ ದಾರಿಯಲ್ಲೇ ಮೂಳೆ ಸಿಕ್ಕರೆ ತುದಿ ತೀರ ಮುಂದಿದೆ ಎಂದರ್ಥ. ಸಿರಿಂಜನ್ನು ಅದೇ ಬದಿಗೆ ತಿರುಗಿಸಿ ಇನ್ನಷ್ಟು ಹಿಂದೆ ಹೋಗಬೇಕು. ಸೂಜಿಯ ಬಹುಭಾಗ ಒಳಹೋದರೂ ಮೂಳೆ ಸಿಗದಿದ್ದರೆ ತುದಿ ತೀರ ಹಿಂದೆ ಹೋಗಿದೆ. ಅಲ್ಲಿ ಕಿವಿಯ ಕೆಳಗಿನ ಜೊಲ್ಲುಗ್ರಂಥಿಯಿದೆ, ಅದರೊಳಗೆ ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರವಿದೆ. ಅಲ್ಲಿ ಔಷಧ ಬಿಟ್ಟರೆ ಆ ಬದಿಯ ರೆಪ್ಪೆ ಮುಚ್ಚುವುದಿಲ್ಲ, ಬಾಯಿ ಒಂದು ಕಡೆ ವಾಲುತ್ತದೆ. ಪಾರ್ಶ್ವವಾಯು ಹೊಡೆಯಿತೆಂದು ಮನೆಯವರು ಗಾಬರಿಯಾಗುತ್ತಾರೆ. ಔಷಧ ಇಳಿದ ಮೇಲೆ, ಕೆಲವು ಗಂಟೆಗಳಲ್ಲಿ, ಮುಖ ಮೊದಲಿನಂತಾಗುತ್ತದೆ. ಅಲ್ಲಿಯತನಕ ಕಣ್ಣಿಗೆ ದೂಳು ಬೀಳದಂತೆ ಮುಚ್ಚಿ ಇಟ್ಟುಕೊಂಡರೆ ಸಾಕು. ಮೂಳೆ ತಾಕದೆ ಔಷಧ ಬಿಡಬಾರದು ಎಂಬ ನಿಯಮ ಹುಟ್ಟಿದ್ದು ಇಂಥ ಅನುಭವಗಳಿಂದಲೇ.

ಮೂಳೆ ತಾಕಿದ ಮೇಲೆ ಸೂಜಿಯನ್ನು ಒಂದು ಮಿಲಿಮೀಟರ್ ಹಿಂದೆ ತಂದು, ಪಿಸ್ಟನ್ ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಬೇಕು. ನರದ ಜೊತೆಗೇ ಅಪಧಮನಿ, ಅಭಿಧಮನಿಗಳು ಹೋಗುವ ಜಾಗವದು. ಹಲ್ಲಿನ ಇಂಜೆಕ್ಷನ್‌ಗಳಲ್ಲೆಲ್ಲ ರಕ್ತನಾಳಕ್ಕೆ ಸೂಜಿ ಹೋಗುವ ಸಂಭವ ಇಲ್ಲಿಯೇ ಹೆಚ್ಚು, ನೂರಕ್ಕೆ 10ರಿಂದ 15 ಸಲ. ರಕ್ತ ಬಾರದಿದ್ದರೆ ಒಂದೂವರೆ ಮಿಲಿಲೀಟರ್ ಔಷಧವನ್ನು ಸುಮಾರು ಒಂದು ನಿಮಿಷ ಹಿಡಿಸಿ ಬಿಡಬೇಕು. ಹೊರಗೆ ಮೂವತ್ತು ಜನ ಕಾಯುತ್ತಿರುವ ಹೊರರೋಗಿ ವಿಭಾಗದಲ್ಲಿ ಆ ಒಂದು ನಿಮಿಷ ಬಹಳ ಉದ್ದ. ಆದರೂ ನಿಧಾನವಾಗಿ ಬಿಟ್ಟ ಔಷಧ ಕಡಿಮೆ ನೋಯಿಸುತ್ತದೆ, ಹೆಚ್ಚು ಸುರಕ್ಷಿತ. ಇದರಲ್ಲಿ ಆತುರಕ್ಕೆ ರಿಯಾಯಿತಿ ಕೊಡಬಾರದು.

ಈ ವಿದ್ಯೆಗೆ ಈಗ ನೂರನಲವತ್ತು ವರ್ಷಕ್ಕೂ ಮಿಕ್ಕಿದ ವಯಸ್ಸು. 1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟಿಸಿ ತೋರಿಸಿದ. ಅದೇ ವರ್ಷದ ಕೊನೆಗೆ ನ್ಯೂಯಾರ್ಕಿನಲ್ಲಿ ವಿಲಿಯಂ ಹಾಲ್‌ಸ್ಟೆಡ್ ಮತ್ತು ರಿಚರ್ಡ್ ಹಾಲ್ ಕೊಕೇನನ್ನು ಕೆಳದವಡೆಯ ನರದ ಬಳಿ ಚುಚ್ಚಿ ಹಲ್ಲು ಮರಗಟ್ಟಿಸಿದರು. ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಳ್ಳುತ್ತಿದ್ದ ಆ ಇಬ್ಬರೂ ಕೊಕೇನಿನ ದಾಸರಾದರು. ಹಾಲ್‌ಸ್ಟೆಡ್ ಮುಂದೆ ಅಮೆರಿಕದ ಶಸ್ತ್ರಚಿಕಿತ್ಸೆಯ ದೊಡ್ಡ ಹೆಸರಾದರೂ ಆ ಹಿಡಿತದಿಂದ ಬಿಡಿಸಿಕೊಳ್ಳಲು ಜೀವಮಾನವಿಡೀ ಹೆಣಗಿದರು. ಕೊಕೇನಿನ ಬದಲಿಗೆ ಜರ್ಮನಿಯ ಆಲ್ಫ್ರೆಡ್ ಐನ್‌ಹಾರ್ನ್ ತಯಾರಿಸಿದ ಪ್ರೊಕೇನ್ 1905ರಲ್ಲಿ ಬಳಕೆಗೆ ಬಂತು. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ರೂಪಿಸಿದ ಲಿಗ್ನೋಕೇನ್ 1948ರ ಹೊತ್ತಿಗೆ ಮಾರುಕಟ್ಟೆಗೆ ಇಳಿಯಿತು. ಇವತ್ತು ಸೊರಬದ ತಾಲ್ಲೂಕು ಆಸ್ಪತ್ರೆಯಿಂದ ಬೆಂಗಳೂರಿನ ದೊಡ್ಡ ಕ್ಲಿನಿಕ್‌ವರೆಗೂ ಹಲ್ಲಿಗೆ ಮುಖ್ಯವಾಗಿ ಬಳಸುವುದು ಅದನ್ನೇ: ಶೇಕಡಾ 2ರ ಲಿಗ್ನೋಕೇನ್, ಜೊತೆಗೆ ರಕ್ತನಾಳಗಳನ್ನು ಕುಗ್ಗಿಸಿ ಔಷಧವನ್ನು ಅಲ್ಲೇ ಹಿಡಿದಿಡುವ ಚೂರು ಅಡ್ರಿನಲಿನ್.

ಹಾಗಾದರೆ ತಪ್ಪುವುದೆಲ್ಲಿ? ಮೊದಲನೆಯದಾಗಿ ರಂಧ್ರದ ಜಾಗ ಎಲ್ಲರಲ್ಲಿ ಒಂದೇ ಅಲ್ಲ. ಅದರ ಕಾವಲಿನ ಲಿಂಗುಲಾ ಕೂಡ ಒಂದೇ ಆಕಾರದ್ದಲ್ಲ. ಭಾರತದ ಅಂಗರಚನಾ ತಜ್ಞರು 165 ಕೆಳದವಡೆ ಮೂಳೆಗಳನ್ನು ಪರೀಕ್ಷಿಸಿ 2000ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರರಲ್ಲಿ ಎರಡಕ್ಕಿಂತ ತುಸು ಹೆಚ್ಚು ತ್ರಿಕೋನಾಕಾರದವಾಗಿದ್ದವು. ಉಳಿದವು ತುದಿ ಕತ್ತರಿಸಿದಂಥವು, ಗಂಟಿನಂಥವು, ಮತ್ತೆ ಕೆಲವು ಮೂಳೆಯಲ್ಲೇ ಕರಗಿ ಹೋದಂಥವು. ಅಗಲ ಮುಖದವರಲ್ಲಿ ನಿಲುಮೂಳೆ ಹೊರಗೆ ಚಾಚಿರುತ್ತದೆ, ಸೂಜಿಯ ಕೋನ ಬದಲಾಗಬೇಕು. ಕೆಲವರ ದವಡೆಯೊಳಗಿನ ಕೊಳವೆ ಎರಡಾಗಿ ಕವಲೊಡೆದಿರುತ್ತದೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಇದು ಅಪರೂಪವೆಂದು ಕಂಡಿತ್ತು. ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಬಂದ ಮೇಲೆ ಅಷ್ಟೇನೂ ಅಪರೂಪವಲ್ಲ ಎಂದು ತಿಳಿಯಿತು. ಇನ್ನು ಬಾಯಿಯ ತಳದ ಸ್ನಾಯುವಿಗೆ ಹೋಗುವ ನರವೊಂದು ರಂಧ್ರಕ್ಕಿಂತ ಮೇಲೆಯೇ ಕವಲೊಡೆದು ಕೆಲವರಲ್ಲಿ ದವಡೆಹಲ್ಲಿಗೂ ಒಂದು ಎಳೆ ಕಳಿಸಿರುತ್ತದೆ. ಇಂಥವರಿಗೆ ತುಟಿ ಪೂರ್ತಿ ಮರಗಟ್ಟಿದರೂ ಹಲ್ಲಿಗೆ ಡ್ರಿಲ್ ತಾಗಿದೊಡನೆ ನೋಯುತ್ತದೆ. ನೋವು ಎಂದು ಹೇಳಿದ ರೋಗಿಯನ್ನು “ಬರೀ ಹೆದರಿಕೆ, ಸುಮ್ಮನಿರಿ” ಎಂದು ಗದರುವುದು ಎಷ್ಟು ಅನ್ಯಾಯ ಎಂಬುದಕ್ಕೆ ಈ ಒಂದು ನರವೇ ಸಾಕು.

ಎರಡನೆಯದು ಉರಿಯೂತ. ರಾತ್ರಿಯೆಲ್ಲ ನಿದ್ದೆಗೆಡಿಸಿದ, ತಣ್ಣೀರು ಸೋಕಿದರೆ ಜೀವ ಹೋಗುವಂತೆ ನೋಯುವ ಹುಳುಕು ಹಲ್ಲು ಮರಗಟ್ಟುವುದು ಬಲು ಕಷ್ಟ. ಲಿಗ್ನೋಕೇನ್ ನರದ ಹೊದಿಕೆ ದಾಟಬೇಕಾದರೆ ಅದರ ಒಂದು ಪಾಲು ಕ್ಷಾರದ ರೂಪದಲ್ಲಿರಬೇಕು. ಆರೋಗ್ಯವಂತ ಅಂಗಾಂಶದಲ್ಲಿ ಸುಮಾರು ಕಾಲುಭಾಗ ಹಾಗಿರುತ್ತದೆ. ಕೀವು, ಉರಿ ಇದ್ದ ಕಡೆ ಆಮ್ಲತೆ ಏರಿ ಆ ಪಾಲು ಇಳಿಯುತ್ತದೆ. ಆದರೆ ನರ್ವ್ ಬ್ಲಾಕ್ ಕೊಡುವುದು ಹಲ್ಲಿನಿಂದ ಬಲು ದೂರದಲ್ಲಿ. ಆದ್ದರಿಂದ ಆಮ್ಲತೆಯೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಉರಿಯೂತದಿಂದ ನರದೆಳೆಗಳೇ ಬದಲಾಗುತ್ತವೆ, ಔಷಧಕ್ಕೆ ಸುಲಭವಾಗಿ ಮಣಿಯದ ಸೋಡಿಯಂ ದ್ವಾರಗಳು ಹೆಚ್ಚುತ್ತವೆ ಎಂಬ ವಿವರಣೆ ಈಗ ಬಲ ಪಡೆದಿದೆ. ಇಂಥ ಹಲ್ಲುಗಳಲ್ಲಿ, ತುಟಿ ಮರಗಟ್ಟಿದ್ದರೂ, ಅರ್ಧದಷ್ಟು ಸಲ ರೂಟ್ ಕೆನಾಲ್ ನೋವಿಲ್ಲದೆ ಮುಗಿಯುವುದಿಲ್ಲವೆಂದು ಹಲವು ಅಧ್ಯಯನಗಳು ತೋರಿಸಿವೆ. ಹೊಟ್ಟೆ, ಮೂತ್ರಪಿಂಡದ ತೊಂದರೆ ಇಲ್ಲದವರಿಗೆ ಒಂದು ಗಂಟೆ ಮೊದಲು ಐಬುಪ್ರೊಫೆನ್ ಕೊಡುವುದರಿಂದ ಅನುಕೂಲವಿದೆ. ಮೂಳೆಯೊಳಗೆ ಲಿಗ್ನೋಕೇನ್‌ಗಿಂತ ಚೆನ್ನಾಗಿ ಇಳಿಯುವ ಆರ್ಟಿಕೇನನ್ನು ಹಲ್ಲಿನ ಪಕ್ಕ ಹೆಚ್ಚುವರಿಯಾಗಿ ಕೊಡಬಹುದು. ಹಲ್ಲಿಗೂ ಮೂಳೆಗೂ ನಡುವಿನ ತಂತುವಿಗೆ ನೇರ ಚುಚ್ಚಬಹುದು. ನೋವು ತಡೆಯುವಷ್ಟಿದ್ದಾಗಲೇ ಬಂದರೆ ಇದ್ಯಾವುದೂ ಬೇಕಾಗುವುದಿಲ್ಲ. ಆದರೆ ನಾಟಿ, ಕೊಯ್ಲು, ಕೊನೆ ಇಳಿಸುವ ಹೊತ್ತಿನಲ್ಲಿ ಹಲ್ಲಿಗೆಂದು ಒಂದು ದಿನದ ಕೂಲಿ ಬಿಡುವವರು ಯಾರು? ಲವಂಗವನ್ನೋ ಅದರ ಎಣ್ಣೆಯನ್ನೋ ಒತ್ತಿಕೊಂಡು ವಾರಗಟ್ಟಲೆ ತಳ್ಳುತ್ತಾರೆ. ಲವಂಗದ ಯೂಜಿನಾಲ್ ನೋವನ್ನು ಕೊಂಚ ಹೊತ್ತು ಹಿಡಿದಿಡುತ್ತದೆ, ಒಳಗಿನ ಹುಳುಕು ಮಾತ್ರ ಮುಂದುವರಿಯುತ್ತದೆ.

ಈಗ ಅಡಿಕೆಯ ಮಾತು. ಮೇಲೆ ಹೇಳಿದ ಗುರುತುಗಳೆಲ್ಲ ಸಿಗುವುದು ಬಾಯಿ ಪೂರ್ತಿ ತೆರೆದಾಗ. ದೊಡ್ಡವರ ಬಾಯಿ ಸಾಮಾನ್ಯವಾಗಿ 35ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಅವರದೇ ಮೂರು ಬೆರಳು ಒಂದರ ಮೇಲೊಂದಾಗಿ ಹಿಡಿಯಬೇಕು. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಬೆಳ್ಳಗಾಗಿ, ನಾರುಗಟ್ಟಿ, ಎರಡು ಬೆರಳೂ ಹೋಗದ ಬಾಯಿಗಳು ನಮ್ಮ ಕಡೆ ಹೊಸತಲ್ಲ. ಖಾರ ತಿಂದರೆ ಉರಿ, ಶಿಳ್ಳೆ ಹಾಕಲಾಗದು, ರಾಗಿಮುದ್ದೆಯ ತುತ್ತು ಚಿಕ್ಕದಾಗುತ್ತ ಬರುತ್ತದೆ. ಇದಕ್ಕೆ ಓರಲ್ ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಹೆಸರು. 1952ರಲ್ಲಿ ಶ್ವಾರ್ಟ್ಸ್ ಎಂಬವರು ಪೂರ್ವ ಆಫ್ರಿಕಾದಲ್ಲಿ ನೆಲೆಸಿದ್ದ ಭಾರತೀಯ ಮಹಿಳೆಯರಲ್ಲಿ ಇದನ್ನು ಗುರುತಿಸಿದರು. ಮರುವರ್ಷ ಮುಂಬೈಯ ಜೋಶಿ ಈಗಿನ ಹೆಸರು ಬಳಕೆಗೆ ತಂದರು. ಅಡಿಕೆಯ ಅರಿಕೊಲಿನ್ ನಾರು ಕಟ್ಟುವ ಕಣಗಳನ್ನು ಕೆರಳಿಸುತ್ತದೆ, ಹಳೆಯ ನಾರು ಕರಗುವ ಕೆಲಸ ಕುಂಠಿತವಾಗುತ್ತದೆ. ಜಗಿಯುವುದನ್ನು ಬಿಟ್ಟರೂ ಕಟ್ಟಿದ ನಾರು ತಾನಾಗಿ ಸಡಿಲುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆಂದು ವರ್ಗೀಕರಿಸಿತು. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಪಾನ್ ಮಸಾಲೆ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಆಗಿ ಅದೇ ಅಂಗಡಿಯಲ್ಲಿ ಸಿಗುವುದು ನಿಲ್ಲಲಿಲ್ಲ. ಅಡಿಕೆ ಈ ಸೀಮೆಯ ಮನೆಗಳನ್ನು ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಬೆಳೆಗಾರನನ್ನು ಅಪರಾಧಿಯ ಜಾಗದಲ್ಲಿ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆದರೆ ಅದನ್ನು ಜಗಿಯುವ ಹುಡುಗನ ಬಾಯಿ ಮುಚ್ಚುತ್ತಿದೆ ಎಂಬುದನ್ನು ಬೆಲೆಯ ಲೆಕ್ಕದ ನೆಪದಲ್ಲಿ ಮರೆಮಾಡಲೂ ಆಗದು.

ಇಂಥ ಬಾಯಿಯ ಹುಳುಕು ದವಡೆಹಲ್ಲನ್ನು ಕೀಳುವುದು ಹೇಗೆ? ಮಡಿಕೆ ಕಾಣುವುದಿಲ್ಲ, ಹೆಬ್ಬೆರಳು ತಗ್ಗಿಗೆ ತಲುಪುವುದಿಲ್ಲ, ಸಿರಿಂಜನ್ನು ಎದುರು ಬದಿಗೆ ಒರಗಿಸಲು ಜಾಗವೇ ಇಲ್ಲ. ಇದಕ್ಕೆ ಉತ್ತರವಿದೆ. 1960ರಲ್ಲಿ ವಜಿರಾಣಿ ಎಂಬವರು, ಅವರಿಂದ ಸ್ವತಂತ್ರವಾಗಿ 1977ರಲ್ಲಿ ನೈಜೀರಿಯಾದ ಅಕಿನೋಸಿ, ಬಾಯಿ ಮುಚ್ಚಿಸಿಯೇ ಕೊಡುವ ವಿಧಾನವೊಂದನ್ನು ವಿವರಿಸಿದರು. ರೋಗಿ ಹಲ್ಲು ಕಚ್ಚಿ ಕೆನ್ನೆ ಸಡಿಲ ಬಿಡುತ್ತಾರೆ. ಸೂಜಿ ಮೇಲಿನ ದವಡೆಹಲ್ಲುಗಳ ಪಕ್ಕ, ಒಸಡು ಕೆನ್ನೆಯ ಒಳಪದರಕ್ಕೆ ಕೂಡುವ ಗೆರೆಯ ಮಟ್ಟದಲ್ಲಿ, ಹಲ್ಲುಸಾಲಿಗೆ ಸಮಾನಾಂತರವಾಗಿ ಹಿಂದಕ್ಕೆ ಸಾಗುತ್ತದೆ. ಸುಮಾರು 25 ಮಿಲಿಮೀಟರ್ ಒಳಗೆ, ನಿಲುಮೂಳೆಯ ಒಳಬದಿಯಲ್ಲಿ, ರಂಧ್ರಕ್ಕಿಂತ ಮೇಲಿನ ಜಾಗದಲ್ಲಿ ಔಷಧ ಬಿಡುತ್ತಾರೆ. ಇದರ ಕೊರತೆಯೂ ಸ್ಪಷ್ಟ: ಇಲ್ಲಿ ಮೂಳೆ ತಾಕುವುದಿಲ್ಲ, ಆ ಸಾಕ್ಷಿ ಇಲ್ಲ. ನಾರುಗಟ್ಟಿದ ಕೆನ್ನೆ ಸಡಿಲ ಬಿಡುವುದೂ ಕಷ್ಟ. ಆದರೂ ಎರಡು ಬೆರಳು ತೆರೆಯದ ಬಾಯಿಗೆ ಇದೊಂದು ದಾರಿ ಕೈಯಲ್ಲಿರಬೇಕು. ಇದಕ್ಕೆ ವಿರುದ್ಧ ಗುಣದ ಇನ್ನೊಂದು ವಿಧಾನ ಆಸ್ಟ್ರೇಲಿಯಾದ ದಂತವೈದ್ಯ ಗೋ-ಗೇಟ್ಸ್ 1973ರಲ್ಲಿ ವಿವರಿಸಿದ್ದು. ಬಾಯಂಚು ಮತ್ತು ಕಿವಿಯ ಮುಂದಿನ ಎಸಳಿನ ಗುರುತು ಹಿಡಿದು ದವಡೆಕೀಲಿನ ಕುತ್ತಿಗೆಯವರೆಗೆ ಸೂಜಿ ಹೋಗುತ್ತದೆ. ನರ ಕವಲೊಡೆಯುವ ಮೊದಲೇ ತಡೆಯುವುದರಿಂದ ಅಡ್ಡ ಎಳೆಗಳೂ ಸಿಕ್ಕಿಬೀಳುತ್ತವೆ, ರಕ್ತನಾಳಕ್ಕೆ ಸೂಜಿ ತಗಲುವುದೂ ಕಡಿಮೆ. ಕೈಪಳಗಿದವರಲ್ಲಿ ನೂರಕ್ಕೆ 95ರಷ್ಟು ಸಫಲ ಎನ್ನುತ್ತಾರೆ. ಬಾಯಿ ಮಾತ್ರ ಅಗಲಕ್ಕೆ ತೆರೆಯಲೇಬೇಕು, ಮತ್ತು ಔಷಧ ಹತ್ತಲು ಐದರಿಂದ ಹತ್ತು ನಿಮಿಷ ಕಾಯಬೇಕು.

ದಂತವೈದ್ಯಕೀಯ ವಿದ್ಯಾರ್ಥಿ ಈ ಮೂರು ವಿಧಾನಗಳನ್ನೂ ಪುಸ್ತಕದಲ್ಲಿ ಓದುತ್ತಾನೆ. ಕೈಗೆ ಅಭ್ಯಾಸವಾಗುವುದು ಹೆಚ್ಚಾಗಿ ಮೊದಲನೆಯದೊಂದೇ. ನನ್ನ ವಾದ ಇಷ್ಟು: ಶಿವಮೊಗ್ಗದ ಶರಾವತಿ ದಂತ ಕಾಲೇಜಿನಲ್ಲೋ, ದಾವಣಗೆರೆಯ ಬಾಪೂಜಿ ಕಾಲೇಜಿನಲ್ಲೋ, ಧಾರವಾಡದ ಎಸ್‌ಡಿಎಂನಲ್ಲೋ ಓದಿ ಮಲೆನಾಡಿನ ಅಂಚಿಗೆ ಬಂದು ಕೂರುವ ಯುವ ವೈದ್ಯರಿಗೆ ಬಾಯಿ ಮುಚ್ಚಿಸಿ ಕೊಡುವ ವಿಧಾನ ಅಪರೂಪದ ಪಾಠವಾಗಬಾರದು, ಮೊದಲ ವರ್ಷದ ಮೂಳೆಯ ಪಾಠದಷ್ಟೇ ಕೈಗೆ ಒಗ್ಗಬೇಕು. ಅವರು ನಾಳೆ ನೋಡಲಿರುವ ಬಾಯಿಗಳು ಪುಸ್ತಕದ ಚಿತ್ರದಲ್ಲಿರುವಂಥವಲ್ಲ.

ಹಲ್ಲೇ ಇಲ್ಲದ ಮುದುಕರದು ಬೇರೆ ಸಮಸ್ಯೆ. ಹಲ್ಲು ಹೋದ ಮೇಲೆ ದವಡೆಯ ದಿಂಡು ಸವೆಯುತ್ತ ಬರುತ್ತದೆ. ಕಚ್ಚುವ ಮಟ್ಟದಿಂದ ಇಷ್ಟು ಮಿಲಿಮೀಟರ್ ಮೇಲೆ ಎಂದು ಅಳೆಯಲು ಆ ಮಟ್ಟವೇ ಉಳಿದಿರುವುದಿಲ್ಲ. ಅನುಭವವಿಲ್ಲದವರ ಸೂಜಿ ಆಗ ತೀರ ಕೆಳಗೆ ಹೋಗುತ್ತದೆ, ಔಷಧ ರಂಧ್ರದ ಕೆಳಗೆ ಬಿದ್ದು ವ್ಯರ್ಥವಾಗುತ್ತದೆ. ಗದ್ದದ ನರ ಹೊರಬರುವ ರಂಧ್ರ ಸವೆದ ದಿಂಡಿನ ಮೇಲ್ಮೈಗೇ ಬಂದಿರುತ್ತದೆ, ಅದರ ಮೇಲೆ ಕೃತಕ ದಂತಪಂಕ್ತಿ ಒತ್ತಿದರೆ ತುಟಿಯವರೆಗೂ ಚಳುಕು. ಬಡ ಹಿರಿಯರಿಗೆ ಉಚಿತವಾಗಿ ಹಲ್ಲುಸೆಟ್ ಕೊಡುವ ರಾಜ್ಯ ಸರ್ಕಾರದ ದಂತಭಾಗ್ಯ ಯೋಜನೆಯ ಫಲಾನುಭವಿಗಳಲ್ಲಿ ಅಳಿದುಳಿದ ಒಂದೆರಡು ಕೆಳಹಲ್ಲನ್ನು ಮೊದಲು ಕೀಳಿಸಬೇಕಾದವರು ಇರುತ್ತಾರೆ. ಈ ಮಾತು ಅವರಿಗೆ ನೇರ ಸಂಬಂಧಿಸಿದ್ದು. ಮಕ್ಕಳಲ್ಲಿ ಇನ್ನೊಂದು ತುದಿ: ರಂಧ್ರ ಕಚ್ಚುವ ಮಟ್ಟಕ್ಕೇ ಅಥವಾ ಅದಕ್ಕಿಂತ ಕೆಳಗೆ ಇದ್ದು, ಬೆಳೆದಂತೆ ಮೇಲೇರುತ್ತದೆ. ಮಗುವಿನ ಮೂಳೆ ಅಷ್ಟು ಗಟ್ಟಿಯಲ್ಲವಾದ್ದರಿಂದ ಹಾಲುಹಲ್ಲಿಗೆ ಪಕ್ಕದ ಚುಚ್ಚೇ ಎಷ್ಟೋ ಸಲ ಸಾಕಾಗುತ್ತದೆ.

ಸಲಕರಣೆಯ ವಿಷಯ ಸಣ್ಣದೆನಿಸಬಹುದು, ಸಣ್ಣದಲ್ಲ. ದಂತವೈದ್ಯರಿಗೆಂದೇ ಮಾಡಿದ ಲೋಹದ ಸಿರಿಂಜ್‌ಗೆ ಸುಮಾರು 32 ಮಿಲಿಮೀಟರಿನ ಉದ್ದ ಸೂಜಿ ಇರುತ್ತದೆ, ಹಿಂದಕ್ಕೆಳೆದು ರಕ್ತ ನೋಡುವ ಅನುಕೂಲ ಇರುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಬಹುಕಡೆ ನಡೆಯುವುದು 30 ಮಿಲಿಲೀಟರಿನ ಬಾಟಲಿಯಿಂದ ಪ್ಲಾಸ್ಟಿಕ್ ಸಿರಿಂಜಿಗೆ ಎಳೆದು ಚುಚ್ಚುವ ಪದ್ಧತಿ. ಆ ಸಿರಿಂಜ್ ಜೊತೆ ಬರುವ ಸೂಜಿ ಹೆಚ್ಚಾಗಿ ಒಂದು ಇಂಚಿನದು, ಅಂದರೆ 25 ಮಿಲಿಮೀಟರ್. ಗುರಿಯೇ 20ರಿಂದ 25 ಮಿಲಿಮೀಟರ್ ಆಳದಲ್ಲಿರುವಾಗ ಅದು ಬುಡದವರೆಗೂ ಒಳಹೋಗುತ್ತದೆ. ಸೂಜಿ ಮುರಿಯುವ ಜಾಗ ಆ ಬುಡವೇ. ಹೊರಗೆ ತುದಿ ಉಳಿದಿದ್ದರೆ ಚಿಮಟದಿಂದ ಎಳೆಯಬಹುದು. ಬುಡದವರೆಗೆ ಹೋಗಿ ಮುರಿದರೆ ಶಸ್ತ್ರಚಿಕಿತ್ಸೆಯೇ ಗತಿ. ಉದ್ದ ಸೂಜಿಗೆ ತಗಲುವ ಖರ್ಚು ಅತ್ಯಲ್ಪ. ತಾಲ್ಲೂಕು ಆಸ್ಪತ್ರೆಗಳ ಖರೀದಿಪಟ್ಟಿಯಲ್ಲಿ ಅದು ಇರಲೇಬೇಕು.

“ನನಗೆ ಹಲ್ಲಿನ ಇಂಜೆಕ್ಷನ್ ಆಗಿಬರಲ್ಲ” ಎಂದು ಹೇಳಿಕೊಂಡು ವರ್ಷಗಟ್ಟಲೆ ನೋವು ತಿನ್ನುವವರಿದ್ದಾರೆ. ಲಿಗ್ನೋಕೇನಿಗೆ ನಿಜವಾದ ಅಲರ್ಜಿ ಬಹಳ ಅಪರೂಪ. ಬೆಳಗಿನ ಮೊದಲ ಬಸ್ಸಿಗೆ ಖಾಲಿ ಹೊಟ್ಟೆಯಲ್ಲಿ ಹೊರಟು, ಸಾಲಿನಲ್ಲಿ ಕಾದು, ಸೂಜಿ ಕಂಡು ತಲೆಸುತ್ತಿ ಬಿದ್ದದ್ದು ಅಲರ್ಜಿಯಲ್ಲ. ಕಾಲು ಮೇಲೆ ಮಾಡಿ ಮಲಗಿಸಿದರೆ ಸರಿಹೋಗುತ್ತದೆ. ಎದೆ ಡವಡವ ಎಂದದ್ದು ಅಡ್ರಿನಲಿನ್‌ನಿಂದಲೋ ಭಯದಿಂದಲೋ ಇರಬಹುದು. ಎರಡನೆಯ ಚುಚ್ಚಿಗೆ ಹೆದರುವವರಿಗೂ ಲೆಕ್ಕ ಹೇಳಬಹುದು: ಅಡ್ರಿನಲಿನ್ ಸೇರಿದ ಲಿಗ್ನೋಕೇನಿನ ಮಿತಿ ಕಿಲೋ ತೂಕಕ್ಕೆ 7 ಮಿಲಿಗ್ರಾಂ, ಒಟ್ಟು 500 ಮೀರಬಾರದು. 50 ಕಿಲೋ ತೂಕದ ಆರೋಗ್ಯವಂತ ಹೆಂಗಸಿಗೆ ಅದು 350 ಮಿಲಿಗ್ರಾಂ, ಅಂದರೆ ಶೇಕಡಾ 2ರ ಔಷಧ 17.5 ಮಿಲಿಲೀಟರ್. ಒಂದು ಬ್ಲಾಕ್‌ಗೆ ಬೇಕಾದದ್ದು ಒಂದೂವರೆ, ಎರಡು ಮಿಲಿಲೀಟರ್. ಹೃದ್ರೋಗಿಗಳಿಗೆ ಲೆಕ್ಕ ಬಿಗಿ: ಅಡ್ರಿನಲಿನ್ 0.04 ಮಿಲಿಗ್ರಾಂ ದಾಟಬಾರದು, 1:80,000 ಪ್ರಮಾಣದ ಔಷಧದಲ್ಲಿ ಅದು 3.2 ಮಿಲಿಲೀಟರಿಗೇ ಮುಗಿಯುತ್ತದೆ. ಮೊದಲ ಚುಚ್ಚೇ ಗುರಿ ಮುಟ್ಟಬೇಕಾದ ಅಗತ್ಯ ಇಂಥವರಲ್ಲಿ ಎಲ್ಲರಿಗಿಂತ ಹೆಚ್ಚು. ಎದೆಯ ತೊಂದರೆ, ಬಿ.ಪಿ., ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಸಂಗತಿಯನ್ನು ವೈದ್ಯರು ಕೇಳದಿದ್ದರೂ ಹೇಳಬೇಕು.

ಈ ಸೀಮೆಗೆ ವೈದ್ಯದ ನೆನಪು ಹೊಸತಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಆ ಮಠವನ್ನು ವಿದ್ಯೆಯ ನೆಲೆ ಎಂದಷ್ಟೇ ಹೇಳದೆ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆ ಸಿಗುವ ತಾಣವೆಂದೂ ಹೊಗಳುತ್ತದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಹೆಸರು 1957ರಲ್ಲಿ ಮಂಗನ ಕಾಯಿಲೆಯಿಂದಾಗಿ ಜಗತ್ತಿನ ವೈದ್ಯಗ್ರಂಥಗಳನ್ನು ಸೇರಿತು. ಕೊಲ್ಲುವ ಜ್ವರಕ್ಕೆ ಸಿಗುವ ಗಮನ ಹಲ್ಲಿಗೆ ಸಿಗದಿರುವುದು ಅರ್ಥವಾಗುವ ಮಾತೇ. ಆದರೆ ಒಂದು ಸಲ ನೋವುಂಡು ಎದ್ದು ಬಂದವರು ಮತ್ತೆ ಆ ಕುರ್ಚಿಯ ಕಡೆ ತಲೆ ಹಾಕುವುದಿಲ್ಲ. ಅವರ ಬಾಯಲ್ಲಿ ಮುಂದೆ ಏಳುವ ಬಿಳಿಮಚ್ಚೆ, ವಾಸಿಯಾಗದ ಹುಣ್ಣು ಯಾರ ಕಣ್ಣಿಗೂ ಬೀಳುವುದಿಲ್ಲ. ಅಡಿಕೆ ಜಗಿಯುವವರ ಬಾಯನ್ನು ಕ್ಯಾನ್ಸರಿನ ಮೊದಲ ಹಂತದಲ್ಲೇ ನೋಡಬಲ್ಲವರು ದಂತವೈದ್ಯರು. ಸರಿಯಾಗಿ ಬಿದ್ದ ಒಂದು ಅರಿವಳಿಕೆ ಆ ನೋಟಕ್ಕೆ ಬಾಗಿಲು ತೆರೆದಿಡುತ್ತದೆ. ತಾಲ್ಲೂಕು ಆಸ್ಪತ್ರೆಯ ಒಬ್ಬ ದಂತ ಆರೋಗ್ಯಾಧಿಕಾರಿಯ ಕೈಕುಶಲತೆಯನ್ನು ನಾನು ಇಷ್ಟು ದೊಡ್ಡ ಸಂಗತಿಯಾಗಿ ಕಾಣುವುದು ಇದಕ್ಕಾಗಿ.

ಹಲ್ಲು ಕೀಳಿಸಲು ಹೋಗುವವರು ಊಟ ಮಾಡಿ ಹೋಗಬೇಕು. ಸೂಜಿ ಹೋಗುವಾಗ ನಾಲಿಗೆಗೆ ಕರೆಂಟ್ ಹೊಡೆದಂತಾದರೆ ಕೈಯೆತ್ತಿ ತಿಳಿಸಬೇಕು, ವೈದ್ಯರು ತುದಿಯ ಜಾಗ ಬದಲಿಸುತ್ತಾರೆ. ತುಟಿ ಮರಗಟ್ಟದಿದ್ದರೆ “ಇನ್ನೂ ಆಗಿಲ್ಲ” ಎಂದು ನಾಚದೆ ಹೇಳಬೇಕು. ಸರಿಯಾದ ಬ್ಲಾಕ್ ಹತ್ತಲು ಮೂರರಿಂದ ಐದು ನಿಮಿಷ ಸಾಕು, ಹತ್ತು ನಿಮಿಷ ಕಳೆದರೂ ತುಟಿ ಹಗುರವಾಗಿಯೇ ಇದ್ದರೆ ಔಷಧ ಬೇರೆಲ್ಲೋ ಬಿದ್ದಿದೆ. ಕೆಲಸ ಮುಗಿದ ಮೇಲೆ ತುಟಿಯ ಜೋಮು ಮೂರರಿಂದ ಐದು ಗಂಟೆ ಇರುತ್ತದೆ. ಅಷ್ಟು ಹೊತ್ತು ಬಿಸಿ ಕಾಫಿ ಬೇಡ. ಮಗುವಾದರೆ ತುಟಿ ಕಚ್ಚಿಕೊಳ್ಳದಂತೆ ಪಕ್ಕದಲ್ಲೇ ಕೂರಬೇಕು. ಎರಡು ಮೂರು ದಿನ ಬಾಯಿ ಬಿಗಿಯಾದರೆ ಬಿಸಿನೀರಿನ ಶಾಖ ಕೊಟ್ಟು ಮೆಲ್ಲಗೆ ತೆರೆಯುವ ಅಭ್ಯಾಸ ಮಾಡಿದರೆ ಸಡಿಲುತ್ತದೆ. ಮರುದಿನವೂ ತುಟಿಯ ಅಥವಾ ನಾಲಿಗೆಯ ಜೋಮು ಇಳಿಯದಿದ್ದರೆ, ಅಥವಾ ಜ್ವರದ ಜೊತೆ ಊತ ಏರುತ್ತಿದ್ದರೆ, ಸೂಜಿ ಕೊಟ್ಟ ವೈದ್ಯರ ಹತ್ತಿರವೇ ತಡಮಾಡದೆ ಹಿಂದಿರುಗಬೇಕು.